ತೀವ್ರ ಮೊಡವೆಗೆ ಮದ್ದಿದ್ದೂ ವೈದ್ಯರು ಹಿಂಜರಿಯುವುದೇಕೆ?

ಮೊಡವೆ ಎಂದೊಡನೆ ಹರೆಯದಲ್ಲಿ ಬಂದು ತಾನಾಗಿಯೇ ಹೋಗುವ ನಾಲ್ಕಾರು ಗುಳ್ಳೆಗಳನ್ನು ನೆನೆಯುವವರೇ ಹೆಚ್ಚು. ತೀವ್ರ ಮೊಡವೆಯ ಪಾಡು ಬೇರೆ. ದವಡೆಯ ಉದ್ದಕ್ಕೂ, ಕತ್ತಿನ ಹಿಂದೆ, ಬೆನ್ನ ಮೇಲೆ, ಚರ್ಮದ ಆಳದಲ್ಲಿ ಗೋಲಿಯಷ್ಟು ದಪ್ಪದ ಗಂಟುಗಳು ಕಟ್ಟಿಕೊಳ್ಳುತ್ತವೆ. ಗಲ್ಲಕ್ಕೆ ಕೈ ಊರಿದರೂ ನೋವು. ಬೆಳಗ್ಗೆ ಎದ್ದು ನೋಡಿದರೆ ದಿಂಬಿನ ಮೇಲೆ ಕೀವು, ರಕ್ತದ ಕಲೆ. ಗಂಟು ಒಣಗಿದ ಜಾಗದಲ್ಲಿ ಉಳಿಯುವ ಗುಳಿ ಮುಂದೆ ಯಾವ ಮುಲಾಮಿಗೂ ತುಂಬುವುದಿಲ್ಲ. ಇಂಥ ಮೊಡವೆಯನ್ನು ಬೇರುಸಹಿತ ಕೀಳಬಲ್ಲ ಔಷಧ ನಲವತ್ತು ವರ್ಷಗಳಿಗೂ ಹಿಂದೆಯೇ ಬಂದಿದೆ. ಅದರ ಹೆಸರು ಐಸೊಟ್ರೆಟಿನೊಯಿನ್. ಆದರೂ ರೋಗಿ ಅದನ್ನು ಕೇಳಿದಾಗ, ‘ಇನ್ನೂ ಮೂರು ತಿಂಗಳು ಆ್ಯಂಟಿಬಯಾಟಿಕ್ ತೆಗೆದುಕೊಳ್ಳಿ, ಆಮೇಲೆ ನೋಡೋಣ’ ಎನ್ನುವ ವೈದ್ಯರು ಇಂದಿಗೂ ಇದ್ದಾರೆ. ಈ ಮಾತನ್ನು ಅಂಜುಬುರುಕತನವೆಂದು ತಳ್ಳಿಹಾಕುವುದು ಸುಲಭ. ಅದರ ಹಿಂದಿನ ಇತಿಹಾಸ ತಿಳಿದವರಿಗೆ ಅಷ್ಟು ಸುಲಭವಲ್ಲ.

ಚರ್ಮರೋಗ ತಜ್ಞರು ಒಮ್ಮೆ ಕೈ ಸುಟ್ಟುಕೊಂಡವರೇ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಮೊಡವೆಗೆ ಎಕ್ಸ್-ರೇ ಕಿರಣ ಹಾಯಿಸುವುದು ಒಪ್ಪಿತ ಚಿಕಿತ್ಸೆಯಾಗಿತ್ತು. ಕಿರಣ ಬಿದ್ದ ಎಣ್ಣೆಗ್ರಂಥಿಗಳು ಕುಗ್ಗಿ ಮುಖ ತಿಳಿಯಾಗುತ್ತಿತ್ತು, ವೈದ್ಯರಿಗೂ ರೋಗಿಗಳಿಗೂ ಸಮಾಧಾನವಾಗುತ್ತಿತ್ತು. ಹತ್ತಾರು ವರ್ಷಗಳು ಕಳೆದ ಮೇಲೆ ಅದೇ ಜನರಲ್ಲಿ ಥೈರಾಯ್ಡ್ ಗ್ರಂಥಿಯ ಮತ್ತು ಚರ್ಮದ ಕ್ಯಾನ್ಸರ್ ಕಾಣಿಸಿಕೊಂಡಿತು. ಪ್ರಾಣಕ್ಕೆ ಕುತ್ತು ತಾರದ ಕಾಯಿಲೆಗೆ ಪ್ರಾಣಕ್ಕೆ ಕುತ್ತು ತರುವ ಚಿಕಿತ್ಸೆ ಕೊಟ್ಟೆವಲ್ಲ ಎಂಬ ಆ ಪಾಠ ವೈದ್ಯಶಾಸ್ತ್ರದಲ್ಲಿ ಆಳವಾಗಿ ಉಳಿಯಿತು. 1950ರ ದಶಕದಿಂದ ಟೆಟ್ರಾಸೈಕ್ಲಿನ್ ಗುಂಪಿನ ಆ್ಯಂಟಿಬಯಾಟಿಕ್‌ಗಳು ಆ ಜಾಗಕ್ಕೆ ಬಂದವು. ಅವು ಅನೇಕರಿಗೆ ಸಾಕಾಗುತ್ತಿದ್ದವು, ಗಂಟು ಮೊಡವೆಯವರಿಗೆ ಮಾತ್ರ ಸಾಕಾಗುತ್ತಿರಲಿಲ್ಲ.

ಐಸೊಟ್ರೆಟಿನೊಯಿನ್ ಹುಟ್ಟಿದ್ದು ‘ಎ’ ಜೀವಸತ್ವದ ಕುಟುಂಬದಲ್ಲಿ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಹಾಫ್‌ಮನ್-ಲಾ ರೋಷ್ ಕಂಪನಿಯಲ್ಲಿ ವರ್ನರ್ ಬೊಲ್ಲಾಗ್ ಮತ್ತು ಸಂಗಡಿಗರು ಈ ಜೀವಸತ್ವವನ್ನು ಹೋಲುವ ಹಲವು ರಾಸಾಯನಿಕಗಳನ್ನು ಪರೀಕ್ಷಿಸುತ್ತಿದ್ದರು; ಅವರ ಗಮನ ಮುಖ್ಯವಾಗಿ ಕ್ಯಾನ್ಸರ್ ಮತ್ತು ಚರ್ಮ ಸಿಪ್ಪೆಯೇಳುವ ಕಾಯಿಲೆಗಳ ಮೇಲಿತ್ತು. ಮೊಡವೆಯ ಮೇಲೆ ಅದರ ಗುಣ ಬೆಳಕಿಗೆ ಬಂದದ್ದು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ. ಚರ್ಮ ಮೀನಿನ ಹುರುಪೆಯಂತಾಗುವ ಅಪರೂಪದ ರೋಗಕ್ಕೆ ಈ ಔಷಧ ಕೊಡುತ್ತಿದ್ದ ಗ್ಯಾರಿ ಪೆಕ್ ಮತ್ತು ಅವರ ಸಹೋದ್ಯೋಗಿಗಳು ಅದನ್ನು ಗಂಟು ಮೊಡವೆಯವರ ಮೇಲೂ ಪ್ರಯೋಗಿಸಿ 1979ರಲ್ಲಿ ಫಲಿತಾಂಶ ಪ್ರಕಟಿಸಿದರು. ಬೇರಾವ ಚಿಕಿತ್ಸೆಗೂ ಬಗ್ಗದ ಮೊಡವೆಯಿದ್ದ 14 ರೋಗಿಗಳಲ್ಲಿ 13 ಮಂದಿಗೆ ಮೊಡವೆ ಪೂರ್ತಿಯಾಗಿ ಹೋಗಿತ್ತು. ಅದಕ್ಕಿಂತ ಅಚ್ಚರಿಯ ಸಂಗತಿಯೆಂದರೆ ಔಷಧ ನಿಲ್ಲಿಸಿ ತಿಂಗಳುಗಳು ಉರುಳಿದರೂ ಅದು ಮರಳಲಿಲ್ಲ. ಈ ಔಷಧ ಎಣ್ಣೆಗ್ರಂಥಿಯನ್ನೇ ಕುಗ್ಗಿಸುತ್ತದೆ. ಜಿಡ್ಡು ಕಡಿಮೆಯಾದಾಗ ರೋಮರಂಧ್ರ ಕಟ್ಟುವುದಿಲ್ಲ, ಜಿಡ್ಡನ್ನೇ ನಂಬಿದ ಬ್ಯಾಕ್ಟೀರಿಯಾಕ್ಕೆ ನೆಲೆಯಿಲ್ಲ, ಉರಿಯೂತಕ್ಕೂ ಆಸ್ಪದವಿಲ್ಲ. ಮೊಡವೆಯ ಎಲ್ಲ ಕಾರಣಗಳನ್ನೂ ಒಟ್ಟಿಗೆ ಹಿಡಿಯಬಲ್ಲ ಇಂಥ ಇನ್ನೊಂದು ಔಷಧ ಆಗಲೂ ಇರಲಿಲ್ಲ, ಈಗಲೂ ಇಲ್ಲ. 1982ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅನುಮತಿ ನೀಡಿತು. ಅಕ್ಯುಟೇನ್ ಎಂಬ ಹೆಸರಿನಲ್ಲಿ ಅದು ಮಾರುಕಟ್ಟೆಗೆ ಬಂತು.

ಆಪತ್ತು ಅದೇ ಕುಟುಂಬದ ಗುಣದಲ್ಲೇ ಅಡಗಿತ್ತು. ತಾಯಿಯ ಗರ್ಭದಲ್ಲಿ ಭ್ರೂಣ ರೂಪುಗೊಳ್ಳುವಾಗ, ಯಾವ ಜೀವಕೋಶ ಕಿವಿಯಾಗಬೇಕು, ಯಾವುದು ಹೃದಯದ ಕವಾಟವಾಗಬೇಕು, ಮಿದುಳಿನ ಯಾವ ಭಾಗ ಎಲ್ಲಿ ಮೂಡಬೇಕು ಎಂಬ ಸೂಚನೆಗಳಲ್ಲಿ ಹಲವನ್ನು ಸಾಗಿಸುವುದು ‘ಎ’ ಜೀವಸತ್ವದಿಂದ ದೇಹವೇ ತಯಾರಿಸುವ ರೆಟಿನೊಯಿಕ್ ಆಮ್ಲ. ಅದು ಎಷ್ಟು ಬೇಕೋ ಅಷ್ಟೇ, ಎಲ್ಲಿ ಬೇಕೋ ಅಲ್ಲೇ ಇರಬೇಕು. ಹೊರಗಿನಿಂದ ಕ್ಯಾಪ್ಸೂಲಿನ ರೂಪದಲ್ಲಿ ನುಗ್ಗಿದರೆ ಸೂಚನೆಗಳೆಲ್ಲ ಕಲಸಿಹೋಗುತ್ತವೆ. ಅದೂ ಗರ್ಭ ನಿಂತ ಮೊದಲ ಕೆಲವು ವಾರಗಳಲ್ಲಿ, ಎಷ್ಟೋ ಹೆಂಗಸರಿಗೆ ತಾವು ಬಸುರಿಯೆಂದು ಗೊತ್ತಾಗುವುದಕ್ಕೂ ಮೊದಲೇ ಆಗಿಬಿಡುತ್ತದೆ. ಪ್ರಾಣಿಗಳ ಮೇಲಿನ ಪ್ರಯೋಗಗಳಿಂದ ಇದು ಮೊದಲೇ ತಿಳಿದಿತ್ತು. ಗರ್ಭಿಣಿಯರಿಗೆ ಕೊಡಬಾರದೆಂಬ ಎಚ್ಚರಿಕೆ 1982ರಲ್ಲಿ ಔಷಧದ ಜೊತೆ ಬಂದ ಮೊದಲ ಮಾಹಿತಿ ಚೀಟಿಯಲ್ಲೇ ಇತ್ತು. ಚೀಟಿಯ ಎಚ್ಚರಿಕೆಯೊಂದರಿಂದಲೇ ಮಕ್ಕಳು ಉಳಿಯಲಿಲ್ಲ. ಮರು ವರ್ಷವೇ ಊನವಾಗಿ ಹುಟ್ಟಿದ ಶಿಶುಗಳ ವರದಿಗಳು ಬರತೊಡಗಿದವು. 1985ರಲ್ಲಿ ಪ್ರಕಟವಾದ ಅಧ್ಯಯನವೊಂದು, ಈ ಔಷಧ ಭ್ರೂಣಕ್ಕೆ ತಾಗಿದ್ದ 154 ಗರ್ಭಗಳ ಲೆಕ್ಕ ಕೊಟ್ಟಿತು: 95 ಗರ್ಭಗಳನ್ನು ತಾಯಂದಿರೇ ತೆಗೆಸಿಕೊಂಡಿದ್ದರು, 12 ತಾವಾಗಿಯೇ ಬಿದ್ದುಹೋಗಿದ್ದವು, 21 ಶಿಶುಗಳು ಊನಗಳೊಂದಿಗೆ ಹುಟ್ಟಿದ್ದವು, ದೊಡ್ಡ ಊನಗಳಿಲ್ಲದೆ ಹುಟ್ಟಿದ್ದು 26 ಮಾತ್ರ. ಕಿವಿಯಿಲ್ಲದ ಅಥವಾ ಮುದುಡಿದ ಕಿವಿಯ, ಹೃದಯದ ರಚನೆ ಕೆಟ್ಟ, ಮಿದುಳು ಸರಿಯಾಗಿ ಬೆಳೆಯದ ಕೂಸುಗಳು ಅವು. ಆ ಅಂಕಿಗಳನ್ನು ಓದಿದ ಯಾವ ವೈದ್ಯನ ಕೈಯೂ ಮತ್ತೆ ಮೊದಲಿನಷ್ಟು ಸಲೀಸಾಗಿ ಈ ಹೆಸರನ್ನು ಬರೆದಿರಲಾರದು. ಇಪ್ಪತ್ತು ವರ್ಷಗಳ ಹಿಂದಷ್ಟೇ ಗರ್ಭಿಣಿಯರು ನುಂಗಿದ ಥಾಲಿಡೊಮೈಡ್ ಎಂಬ ಗುಳಿಗೆ ಜಗತ್ತಿನಾದ್ಯಂತ ಸಾವಿರಾರು ಮಕ್ಕಳ ಕೈಕಾಲು ಕಸಿದಿದ್ದುದನ್ನು ಯಾರೂ ಮರೆತಿರಲಿಲ್ಲ.

ಔಷಧವನ್ನೇ ನಿಷೇಧಿಸಬೇಕೆಂಬ ಒತ್ತಾಯ ಎದ್ದಿತು. ನಿಷೇಧ ಬರಲಿಲ್ಲ, ಕಾವಲು ಬಂತು. 1988ರಿಂದ ಅಮೆರಿಕದಲ್ಲಿ ಕ್ಯಾಪ್ಸೂಲಿನ ಪ್ಯಾಕಿನ ಮೇಲೆಯೇ ಗರ್ಭಿಣಿಯ ಆಕೃತಿಗೆ ಅಡ್ಡಗೆರೆ ಎಳೆದ ಚಿಹ್ನೆಯನ್ನು ಅಚ್ಚು ಹಾಕಲಾಯಿತು. ಒಳಗೆ ಊನಗೊಂಡ ಶಿಶುವಿನ ರೇಖಾಚಿತ್ರವನ್ನೂ ಇಡಲಾಯಿತು. ಆದರೂ ಗರ್ಭಿಣಿಯರಿಗೆ ಔಷಧ ತಾಗುವುದು ಪೂರ್ತಿ ನಿಲ್ಲಲಿಲ್ಲ. 2006ರಲ್ಲಿ ಐಪ್ಲೆಡ್ಜ್ ಎಂಬ ಕಡ್ಡಾಯ ವ್ಯವಸ್ಥೆ ಜಾರಿಗೆ ಬಂತು. ಬರೆಯುವ ವೈದ್ಯರು, ಕೊಡುವ ಔಷಧಾಲಯದವರು, ನುಂಗುವ ರೋಗಿ, ಎಲ್ಲರೂ ಅದರಲ್ಲಿ ಹೆಸರು ನೋಂದಾಯಿಸಬೇಕು. ಗರ್ಭ ಧರಿಸಬಲ್ಲ ರೋಗಿ ಎರಡು ಬಗೆಯ ಗರ್ಭನಿರೋಧಕಗಳನ್ನು ಬಳಸಬೇಕು, ಇಲ್ಲವೇ ಲೈಂಗಿಕ ಸಂಪರ್ಕದಿಂದ ದೂರವಿರಬೇಕು. ಚಿಕಿತ್ಸೆ ಸಾಗುವಷ್ಟು ಕಾಲವೂ ಗರ್ಭಪರೀಕ್ಷೆ ಮಾಡಿಸಿಕೊಳ್ಳುತ್ತಿರಬೇಕು. ಒಂದು ಸಲಕ್ಕೆ 30 ದಿನಗಳ ಔಷಧ ಮಾತ್ರ, ಅದನ್ನೂ ಗೊತ್ತಾದ ಗಡುವಿನೊಳಗೆ ಪಡೆಯಬೇಕು. ಇದರ ಉದ್ದೇಶವನ್ನು ನಾನು ಪ್ರಶ್ನಿಸಲಾರೆ. ಆದರೆ ಅಷ್ಟೊಂದು ಕಾಗದಪತ್ರ ನಿಭಾಯಿಸಲಾಗದ ಎಷ್ಟೋ ವೈದ್ಯರು ಈ ಔಷಧದ ಗೊಡವೆಯೇ ಬೇಡವೆಂದು ದೂರ ಸರಿದದ್ದೂ ನಿಜ. ಅಲ್ಲಿ ಹಿಂಜರಿಕೆಗೆ ಕಾರಣ ಕ್ಯಾಪ್ಸೂಲಲ್ಲ, ಅದರ ಸುತ್ತಲಿನ ಕೆಲಸ.

ಎರಡನೆಯ ಭಯ ಮನಸ್ಸಿಗೆ ಸಂಬಂಧಿಸಿದ್ದು, ಮತ್ತು ಅದರ ಸ್ವರೂಪವೇ ಬೇರೆ. ಔಷಧ ತೆಗೆದುಕೊಳ್ಳುತ್ತಿದ್ದ ಕೆಲವರಲ್ಲಿ ಖಿನ್ನತೆ ಕಂಡುಬಂದ, ಕೆಲವರು ಪ್ರಾಣ ಕಳೆದುಕೊಂಡ ವರದಿಗಳು ಸೇರುತ್ತ ಬಂದು, 1998ರಲ್ಲಿ ಎಫ್‌ಡಿಎ ಈ ಕುರಿತು ಎಚ್ಚರಿಕೆ ಹೊರಡಿಸಿತು. ಭ್ರೂಣದ ವಿಷಯದಲ್ಲಿ ಕಾರಣವೂ ಪರಿಣಾಮವೂ ಕಣ್ಣಿಗೆ ಕಟ್ಟುವಷ್ಟು ಸ್ಪಷ್ಟ. ಇಲ್ಲಿ ಹಾಗಿಲ್ಲ. ತೀವ್ರ ಮೊಡವೆ ಇರುವವರಲ್ಲಿ ಔಷಧ ಮುಟ್ಟುವ ಮೊದಲೇ ಖಿನ್ನತೆ ಹೆಚ್ಚು. ಕನ್ನಡಿ ನೋಡಲು, ಜನರ ನಡುವೆ ಕೂರಲು ಸಂಕಟಪಡುವ ವಯಸ್ಸೂ ಅದೇ. 2010ರಲ್ಲಿ ಪ್ರಕಟವಾದ ಸ್ವೀಡನ್ ದೇಶದ ಅಧ್ಯಯನವೊಂದು ಈ ಔಷಧ ಪಡೆದ 5,756 ರೋಗಿಗಳ ದಾಖಲೆಗಳನ್ನು ಚಿಕಿತ್ಸೆಯ ಹಿಂದಿನ, ನಡುವಿನ ಮತ್ತು ನಂತರದ ವರ್ಷಗಳುದ್ದಕ್ಕೂ ಪರಿಶೀಲಿಸಿತು. ಆತ್ಮಹತ್ಯೆಗೆ ಯತ್ನಿಸಿದವರ ಪ್ರಮಾಣ ಚಿಕಿತ್ಸೆಗೆ ಮುಂಚಿನಿಂದಲೇ ಏರುತ್ತಿತ್ತು. ಅತಿ ಹೆಚ್ಚಾಗಿದ್ದದ್ದು ಚಿಕಿತ್ಸೆ ಮುಗಿದ ನಂತರದ ಆರು ತಿಂಗಳಲ್ಲಿ. ಅದು ಔಷಧದಿಂದಲೋ, ಮೊಡವೆ ಹೋದರೂ ಬದುಕು ಬದಲಾಗಲಿಲ್ಲವೆಂಬ ನಿರಾಶೆಯಿಂದಲೋ, ಬೇರೆ ಕಾರಣದಿಂದಲೋ ಎಂಬುದನ್ನು ಅಂಕಿಗಳಷ್ಟೇ ಹೇಳಲಾರವು. ಆಮೇಲೆ ಬಂದ ದೊಡ್ಡ ವಿಶ್ಲೇಷಣೆಗಳು ಒಟ್ಟಾರೆ ಬಳಕೆದಾರರಲ್ಲಿ ಅಪಾಯ ಹೆಚ್ಚಿಲ್ಲವೆಂದೇ ಹೇಳಿವೆ. ಹಾಗೆಂದು ಲಕ್ಷಕ್ಕೊಬ್ಬರ ಮನಸ್ಸು ಈ ಔಷಧಕ್ಕೆ ಕೆಟ್ಟದಾಗಿ ಸ್ಪಂದಿಸಲಾರದೆಂದು ಯಾರೂ ಆಣೆ ಮಾಡಿ ಹೇಳುವಂತಿಲ್ಲ, ಮತ್ತು ಮಗನನ್ನೋ ಮಗಳನ್ನೋ ಕಳೆದುಕೊಂಡ ಮನೆಯವರಿಗೆ ಸರಾಸರಿಯ ಮಾತು ಸಮಾಧಾನ ತರುವುದೂ ಇಲ್ಲ. ಬ್ರಿಟನ್ 2023ರ ಅಕ್ಟೋಬರಿನಲ್ಲಿ ನಿಯಮ ಬಿಗಿಗೊಳಿಸಿ, 18 ವರ್ಷದೊಳಗಿನವರಿಗೆ ಈ ಔಷಧ ಆರಂಭಿಸಲು ಔಷಧ ಬರೆಯುವ ಅಧಿಕಾರವುಳ್ಳ ಇಬ್ಬರ ಒಪ್ಪಿಗೆ ಬೇಕೆಂದು ಹೇಳಿದ್ದು ಈ ಹಿನ್ನೆಲೆಯಲ್ಲಿ.

ಉಳಿದ ಅಡ್ಡಪರಿಣಾಮಗಳ ಪಟ್ಟಿ ಉದ್ದವಿದ್ದರೂ ಹೆಚ್ಚಿನವು ನಿಭಾಯಿಸಬಹುದಾದವು. ತುಟಿ ಒಡೆಯುವುದು ಬಹುತೇಕ ಎಲ್ಲರಿಗೂ ಆಗುತ್ತದೆ. ಕಣ್ಣು, ಮೂಗು ಒಣಗುತ್ತವೆ, ಮೈಕೈ ನೋಯುತ್ತದೆ, ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಏರಬಹುದು. ಯಕೃತ್ತಿನ ಪರೀಕ್ಷೆ ಮಾಡಿಸುವುದೂ ವಾಡಿಕೆ. ಕರುಳಿನ ಉರಿಯೂತಕ್ಕೂ ಇದಕ್ಕೂ ನಂಟಿದೆಯೆಂಬ ಆರೋಪದ ಮೇಲೆ ಅಮೆರಿಕದಲ್ಲಿ ಹಲವು ಮೊಕದ್ದಮೆಗಳು ನಡೆದವು, 2009ರಲ್ಲಿ ರೋಷ್ ಅಲ್ಲಿ ಅಕ್ಯುಟೇನ್ ಮಾರಾಟವನ್ನೇ ನಿಲ್ಲಿಸಿತು. ಆ ನಂಟನ್ನು ನಂತರದ ಅಧ್ಯಯನಗಳು ಎತ್ತಿಹಿಡಿಯಲಿಲ್ಲ, ಬೇರೆ ಕಂಪನಿಗಳ ಐಸೊಟ್ರೆಟಿನೊಯಿನ್ ಮಾರುಕಟ್ಟೆಯಲ್ಲಿ ಉಳಿಯಿತು. ಆದರೆ ನ್ಯಾಯಾಲಯದ ಮೆಟ್ಟಿಲೇರಿದ ಔಷಧವೆಂಬ ಹೆಸರು ಅಳಿಯಲಿಲ್ಲ.

ನನ್ನ ಆಕ್ಷೇಪ ಇರುವುದು ಈ ಭಯಗಳನ್ನೆಲ್ಲ ಒಂದೇ ತಕ್ಕಡಿಯಲ್ಲಿ ಹಾಕಿ ತೂಗುವ ಅಭ್ಯಾಸದ ಬಗ್ಗೆ. ಭ್ರೂಣದ ಅಪಾಯ ಸಿದ್ಧವಾದ ಸತ್ಯ. ಅಲ್ಲಿ ಎಷ್ಟು ಎಚ್ಚರವಿದ್ದರೂ ಕಡಿಮೆ. ಮನಸ್ಸಿನ ವಿಷಯದಲ್ಲಿ ಬೇಕಾದದ್ದು ಭೇಟಿ ಭೇಟಿಗೂ ‘ನಿದ್ದೆ ಹೇಗಿದೆ, ಮನಸ್ಸು ಹೇಗಿದೆ’ ಎಂದು ಕೇಳುವ ವ್ಯವಧಾನ, ಮನೆಯವರಿಗೂ ಲಕ್ಷಣಗಳನ್ನು ತಿಳಿಸಿ ಹೇಳುವ ತಾಳ್ಮೆ. ಎರಡಕ್ಕೂ ಒಂದೇ ಉತ್ತರವೆಂದು ಔಷಧವನ್ನೇ ಮುಂದೂಡುತ್ತ ಹೋದರೆ, ಆ ಅವಧಿಯಲ್ಲಿ ರೋಗಿ ಆ್ಯಂಟಿಬಯಾಟಿಕ್ ನುಂಗುತ್ತಲೇ ಇರುತ್ತಾನೆ, ಬ್ಯಾಕ್ಟೀರಿಯಾ ಅದಕ್ಕೆ ಒಗ್ಗಿಕೊಳ್ಳುತ್ತದೆ, ಮುಖದ ಮೇಲೆ ಗುಳಿಗಳು ಹೆಚ್ಚುತ್ತವೆ. ಕಾಯುವಿಕೆಗೂ ಅಡ್ಡಪರಿಣಾಮವಿದೆ, ಅದನ್ನು ಯಾವ ಚೀಟಿಯೂ ಅಚ್ಚು ಹಾಕುವುದಿಲ್ಲ.

ತಜ್ಞರ ನಿಲುವು ಈಗ ಆ ಕಡೆಗೆ ವಾಲುತ್ತಿದೆ. ಅಮೆರಿಕದ ಚರ್ಮರೋಗ ತಜ್ಞರ ಅಕಾಡೆಮಿ 2024ರಲ್ಲಿ ಹೊರತಂದ ಮಾರ್ಗಸೂಚಿ, ತೀವ್ರ ಮೊಡವೆಗೂ ಮಾಮೂಲು ಚಿಕಿತ್ಸೆಗೆ ಬಗ್ಗದ ಮೊಡವೆಗೂ ಐಸೊಟ್ರೆಟಿನೊಯಿನ್ ಬಳಸಲು ಶಿಫಾರಸು ಮಾಡುತ್ತದೆ. ಮುಖದಲ್ಲಿ ಎಷ್ಟು ಗಂಟುಗಳಿವೆ ಎಂಬುದನ್ನಷ್ಟೇ ಅದು ಎಣಿಸುವುದಿಲ್ಲ. ಕಲೆ ಬೀಳುತ್ತಿದ್ದರೆ, ಅಥವಾ ಮೊಡವೆಯಿಂದ ರೋಗಿಯ ಮನಸ್ಸು ಮತ್ತು ದೈನಂದಿನ ಬದುಕು ನಲುಗಿದ್ದರೆ, ಅದನ್ನೂ ತೀವ್ರ ಮೊಡವೆಯೆಂದೇ ಪರಿಗಣಿಸಬೇಕೆಂದು ಅದು ಹೇಳುತ್ತದೆ.