ಬೇಡಿಕೆ: ಈಡೇರುವುದೋ, ಏರುವುದೋ?

‘ವಿದೇಶ ವಿಮಾನಯಾನದ ಬೇಡಿಕೆ ಈಡೇರಲಿದೆ’ ಅನ್ನುವ ಸಾಲನ್ನು ಮೊನ್ನೆ ಮತ್ತೆ ಓದಿದೆ. ಬರೆದವರು ಹೇಳಹೊರಟಿದ್ದು ಇಷ್ಟೇ: ಮುಂದೆ ಹೊರದೇಶಕ್ಕೆ ಹಾರುವವರು ಜಾಸ್ತಿಯಾಗುತ್ತಾರೆ. ಹಾಗಿದ್ದರೆ ಬೇಡಿಕೆ ಏರಲಿದೆ ಅನ್ನಬೇಕಿತ್ತು.

ನಂಬು, ನಂಬಿಕೆ ಆದ ಹಾಗೆ ಬೇಡು, ಬೇಡಿಕೆ ಆಗಿದೆ. ಬೇಡು ಅಂದಕೂಡಲೇ ನಮಗೆ ಚಾಚಿದ ಕೈ ಕಾಣುತ್ತದೆ. ಆದರೆ ಇದರ ಒಡಹುಟ್ಟಾದ ತಮಿಳಿನ ‘ವೇಂಡು’ ನೋಡಿ, ಅಲ್ಲಿ ಬಯಸು ಅನ್ನುವ ಅರ್ಥವೂ ಇದೆ. ನಾವು ದಿನಕ್ಕೆ ನೂರು ಸಲ ಅನ್ನುವ ‘ಬೇಡ’ ಕೂಡ ಇದೇ ಬಳ್ಳಿಯದು, ತಮಿಳಿನ ‘ವೇಂಡಾಂ’ ಇದ್ದಂತೆ. ಬಯಸುವುದು, ಕೇಳುವುದು ಎರಡೂ ಬೇರಿನಲ್ಲೇ ಇವೆ. ಅದಕ್ಕೇ ಒಂದೇ ಪದ ಎರಡು ಕೆಲಸ ಮಾಡುತ್ತದೆ. ರಾಯಚೂರಿಗೆ ಏಮ್ಸ್ ಬೇಕು ಅನ್ನುವುದು ಒಂದು ಬಗೆಯ ಬೇಡಿಕೆ. ಅದನ್ನು ಸರ್ಕಾರದ ಮುಂದೆ ಇಡುತ್ತಾರೆ. ಅದು ಈಡೇರುತ್ತದೆ, ಇಲ್ಲವೇ ಹಾಗೇ ಉಳಿಯುತ್ತದೆ. ಮಾರುಕಟ್ಟೆಯ ಬೇಡಿಕೆಯ ಮುಂದೆ ಇರುವುದು ಬೆಲೆ. ಈ ದರಕ್ಕೆ ಕೊಳ್ಳುವ ಮನಸ್ಸು, ಜೇಬಿನಲ್ಲಿ ದುಡ್ಡು ಎರಡೂ ಇದ್ದವರದು ಮಾತ್ರ ಅದರ ಲೆಕ್ಕಕ್ಕೆ ಬರುತ್ತದೆ. ಬರೀ ಆಸೆ ಬರುವುದಿಲ್ಲ.

ಹಾರಿದವರ ಸಂಖ್ಯೆಯನ್ನೇ ಬೇಡಿಕೆ ಅನ್ನುವುದು ಇನ್ನೊಂದು ತಪ್ಪು. ಇದನ್ನು ಮಾತ್ರ ಸುಮ್ನೆ ಬಿಡಲಾಗದು. ಕೋವಿಡ್‌ನಿಂದಾಗಿ 2020ರ ಮಾರ್ಚ್ 23ರಿಂದ ಎರಡು ವರ್ಷ ಭಾರತದ ಮಾಮೂಲಿ ಅಂತರರಾಷ್ಟ್ರೀಯ ವಿಮಾನಗಳು ನಿಂತಿದ್ದವು. ಮತ್ತೆ ಶುರುವಾಗಿದ್ದು 2022ರ ಮಾರ್ಚ್ 27ಕ್ಕೆ. ನಡುವೆ ಓಡಿದ್ದು ವಿಶೇಷ ಏರ್ಪಾಡಿನ ಕೆಲವು ವಿಮಾನಗಳಷ್ಟೇ. ಕೆಲವರು ಭಯದಿಂದ ಹೊರಡಲಿಲ್ಲ, ನಿಜ. ಆದರೆ ಗಲ್ಫ್‌ನಲ್ಲಿ ಕೆಲಸವಿದ್ದು, ರಜೆಗೆ ಬಂದು ಊರಲ್ಲೇ ಸಿಕ್ಕಿಕೊಂಡವರಿಗೆ ಹೋಗುವ ಮನಸ್ಸಿರಲಿಲ್ಲವೇ? ಸಂಖ್ಯೆ ಕುಸಿದಿದ್ದರಲ್ಲಿ ಎಷ್ಟು ಬೇಡಿಕೆ ಕುಸಿದಿದ್ದು, ಎಷ್ಟು ಬಾಗಿಲು ಮುಚ್ಚಿದ್ದು ಅಂತ ಬಿಡಿಸಿ ನೋಡದೆ ಮುಂದಿನ ಅಂದಾಜು ಕಟ್ಟಿದರೆ ಅದು ನಿಲ್ಲುವುದಿಲ್ಲ. ಆದಾಯ, ಟಿಕೆಟ್ ದರ, ವೀಸಾ, ಹೊರದೇಶದಲ್ಲಿರುವ ಬಂಧುಬಳಗ, ಇವೆಲ್ಲ ಅಂದಾಜಿನ ಲೆಕ್ಕದಲ್ಲಿ ಬರಬೇಕು. ಎರಡು ದೇಶಗಳ ಒಪ್ಪಂದದಲ್ಲಿ ವಾರಕ್ಕೆ ಇಷ್ಟೇ ಸೀಟು ಅಂತ ಮಿತಿ ಇದ್ದರೆ, ಬೇಡಿಕೆ ಎಷ್ಟೇ ಏರಿದರೂ ಹಾರುವವರ ಸಂಖ್ಯೆ ಅಲ್ಲಿಗೇ ನಿಲ್ಲುತ್ತದೆ.

ನಮ್ಮ ಭಾಗದ ವಿಷಯದಲ್ಲಂತೂ ಈ ತಪ್ಪು ನೇರ ಪೆಟ್ಟು ಕೊಡುತ್ತದೆ. ರಾಯಚೂರು ಬಸ್ ನಿಲ್ದಾಣದಲ್ಲಿ ಹೈದರಾಬಾದ್ ಬಸ್ಸಿನ ಹತ್ತಿರ ನಿಂತು ನೋಡಿ. ಹಗ್ಗ ಬಿಗಿದ ಸೂಟ್‌ಕೇಸು, ಮೇಲೆ ಮಾರ್ಕರ್‌ನಲ್ಲಿ ಬರೆದ ಹೆಸರು, ಅವ್ವ ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಹಿಂಡಿಯ ಗಂಟು. ಅದನ್ನೆಲ್ಲ ಹೊತ್ತು ಹೊರದೇಶಕ್ಕೆ ಹೊರಟ ಹುಡುಗ ವಿಮಾನ ಹತ್ತುವುದು ಹೈದರಾಬಾದಿನ ಶಂಷಾಬಾದ್ ವಿಮಾನ ನಿಲ್ದಾಣದಲ್ಲಿ. ಪ್ರಯಾಣಿಕರ ಪಟ್ಟಿಯಲ್ಲಿ ಅವನು ಹೈದರಾಬಾದಿನವನು. ಅದೇ ಪಟ್ಟಿ ನೋಡಿ ‘ರಾಯಚೂರು ಕಡೆ ಬೇಡಿಕೆ ಇಲ್ಲ’ ಅಂತ ಬರೆಯುತ್ತಾರೆ.