ಪಿಸಿಯು: ಜಂಕ್ಷನ್‌ಗಳ ಭವಿಷ್ಯ ನಿರ್ಧರಿಸುವ ಅಳತೆ

ಮೇಲ್ಸೇತುವೆ, ಅಂಡರ್‌ಪಾಸ್, ಜಂಕ್ಷನ್ ಅಗಲೀಕರಣ, ಯಾವುದೇ ಕಾಮಗಾರಿಯ ಡಿಪಿಆರ್ (ವಿವರವಾದ ಯೋಜನಾ ವರದಿ) ತೆರೆದು ನೋಡಿ, ‘ಪಿಸಿಯು’ ಎಂಬ ಮೂರಕ್ಷರ ಮತ್ತೆ ಮತ್ತೆ ಎದುರಾಗುತ್ತದೆ. ಪ್ಯಾಸೆಂಜರ್ ಕಾರ್ ಯೂನಿಟ್ ಎಂಬುದು ಅದರ ಪೂರ್ಣರೂಪ. ಯಾವ ವೃತ್ತಕ್ಕೆ ಸಿಗ್ನಲ್ ಸಾಕು, ಯಾವುದಕ್ಕೆ ಸೇತುವೆ ಬೇಕು ಎಂಬ ವಾದದಲ್ಲಿ ಈ ಅಂಕಿಗೆ ದೊಡ್ಡ ಪಾಲಿದೆ. ಅದಕ್ಕೇ ಇದನ್ನು ಎಂಜಿನಿಯರುಗಳಿಗಷ್ಟೇ ಬಿಟ್ಟುಬಿಡದೆ ನಾವೂ ತಿಳಿದುಕೊಳ್ಳುವುದು ಅಗತ್ಯ.

ನಮ್ಮ ರಸ್ತೆಯಲ್ಲಿ ಬೈಕು, ಆಟೊ, ಕಾರು, ಬಸ್ಸು, ಲಾರಿ, ತಳ್ಳುಗಾಡಿ ಎಲ್ಲವೂ ಒಟ್ಟಿಗೇ ಸಾಗುತ್ತವೆ. ತಲೆ ಎಣಿಸಿ ‘ಗಂಟೆಗೆ ಆರು ಸಾವಿರ ವಾಹನ’ ಎಂದರೆ ರಸ್ತೆಯ ಮೇಲೆ ಬೀಳುವ ಒತ್ತಡ ಗೊತ್ತಾಗುವುದಿಲ್ಲ. ಹಾಗಾಗಿ ಕಾರನ್ನು ಒಂದು ಎಂದಿಟ್ಟುಕೊಂಡು, ಉಳಿದ ವಾಹನಗಳು ಹಿಡಿಯುವ ಜಾಗ, ಅವುಗಳ ವೇಗ, ಅಕ್ಕಪಕ್ಕದವರಿಗೆ ಮಾಡುವ ಅಡ್ಡಿ ಇವನ್ನೆಲ್ಲ ಕಾರಿನ ಲೆಕ್ಕಕ್ಕೆ ಇಳಿಸುತ್ತಾರೆ. ಕಾರು ಮತ್ತು ಟ್ರಕ್ಕುಗಳೇ ಹೆಚ್ಚಾಗಿ ಓಡುವ ಅಮೆರಿಕದ ಹೆದ್ದಾರಿಗಳಿಗಾಗಿ ಬೆಳೆದ ಪರಿಕಲ್ಪನೆ ಇದು. ಅಲ್ಲಿನ 1965ರ ಹೈವೇ ಕೆಪಾಸಿಟಿ ಮ್ಯಾನುಯಲ್‌ನಲ್ಲಿ ಇದು ಸ್ಪಷ್ಟ ರೂಪ ಪಡೆಯಿತು. ನಮ್ಮ ನಗರಗಳಿಗೆ ಬಹುಕಾಲದಿಂದ ಬಳಕೆಯಲ್ಲಿರುವುದು ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಐಆರ್‌ಸಿ 106, 1990ರ ಮಾರ್ಗಸೂಚಿ. ಅದರಲ್ಲಿ ಬೈಕಿಗೆ 0.5 ಅಥವಾ 0.75, ಆಟೊಗೆ 1.2 ಅಥವಾ 2, ಬಸ್ಸು-ಲಾರಿಗೆ 2.2 ಅಥವಾ 3.7. ಒಂದೇ ವಾಹನಕ್ಕೆ ಎರಡೆರಡು ಅಂಕಿ ಯಾಕೆಂದರೆ, ಒಟ್ಟು ಸಂಚಾರದಲ್ಲಿ ಆ ವಾಹನದ ಪಾಲು ಶೇ 5ರಷ್ಟಿದ್ದರೆ ಮೊದಲನೆಯದು, ಶೇ 10 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಎರಡನೆಯದು. ಕೇಂದ್ರೀಯ ರಸ್ತೆ ಸಂಶೋಧನಾ ಸಂಸ್ಥೆ ನಮ್ಮ ರಸ್ತೆಗಳಲ್ಲೇ ಅಳೆದು ‘ಇಂಡೋ-ಎಚ್‌ಸಿಎಂ’ ಎಂಬ ಕೈಪಿಡಿಯನ್ನೂ ಸಿದ್ಧಪಡಿಸಿದೆ.

ಇದನ್ನು ಜಂಕ್ಷನ್‌ಗೆ ಅನ್ವಯಿಸುವ ಕ್ರಮ ಹೀಗಿದೆ. ನಾಲ್ಕು ರಸ್ತೆ ಕೂಡುವಲ್ಲಿ, ಯೂ-ಟರ್ನ್ ಬಿಟ್ಟರೆ, ಹನ್ನೆರಡು ದಿಕ್ಕಿನ ಚಲನೆಗಳಿರುತ್ತವೆ. ಒಂದೊಂದನ್ನೂ ಬೇರೆಬೇರೆಯಾಗಿ ಎಣಿಸಿ, ಪೀಕ್ ಅವರ್‌ನ ಸಂಖ್ಯೆಯನ್ನು ಪಿಸಿಯುಗೆ ಪರಿವರ್ತಿಸಿ, ರಸ್ತೆಯ ಸಾಮರ್ಥ್ಯದೊಂದಿಗೆ ಹೋಲಿಸುತ್ತಾರೆ. ಸಿಗ್ನಲ್ ಇರುವ ಕಡೆ ಬಳಸುವ ಸೂತ್ರ ಸರಳ: ಸ್ಟಾಪ್ ಲೈನ್ ಬಳಿಯ ಅಗಲದ ಪ್ರತಿ ಮೀಟರಿಗೆ, ಹಸಿರು ದೀಪದ ಪ್ರತಿ ಗಂಟೆಗೆ 525 ಪಿಸಿಯು. ಏಳು ಮೀಟರ್ ಅಗಲವಿದ್ದರೆ 3,675. ಹಸಿರು ಅರ್ಧ ಹೊತ್ತು ಮಾತ್ರ ಇದ್ದರೆ ದಾಟುವುದು ಸುಮಾರು 1,840. ಹಾಗಾಗಿ ಮೂಲೆಯಲ್ಲಿ ಆಟೊ ನಿಂತು ಎರಡು ಮೀಟರ್ ತಿಂದರೆ ಆಗುವ ನಷ್ಟ ಸಣ್ಣದಲ್ಲ. ಅಲ್ಲಿ ಪಾರ್ಕಿಂಗ್ ತೆರವುಗೊಳಿಸುವುದು, ಬಸ್ ನಿಲ್ದಾಣವನ್ನು ಒಂದಿಷ್ಟು ಮುಂದಕ್ಕೆ ಸರಿಸುವುದು, ಎಡಕ್ಕೆ ತಿರುಗುವವರಿಗೆ ದಾರಿ ಬಿಡಿಸುವುದು ತೀರಾ ಅಗ್ಗದ ಸುಧಾರಣೆಗಳು. ಇವು ಮೊದಲು ಆಗಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನು ‘ಭವಿಷ್ಯದ ದಟ್ಟಣೆ’ಯ ವಿಷಯ. ಮುಖ್ಯರಸ್ತೆಗಳನ್ನು ಸಾಮಾನ್ಯವಾಗಿ ಮುಂದಿನ 15-20 ವರ್ಷಕ್ಕೆಂದು ಯೋಜಿಸುತ್ತಾರೆ. ಒಂದು ಕಾಲ್ಪನಿಕ ವೃತ್ತ ತೆಗೆದುಕೊಳ್ಳೋಣ. ಪೀಕ್ ಅವರ್‌ನಲ್ಲಿ 3,600 ಬೈಕು, 1,620 ಕಾರು, 600 ಆಟೊ, 180 ಬಸ್ಸು ಎನ್ನಿ. ಐಆರ್‌ಸಿ ಅಂಕಿಗಳಿಂದ ಗುಣಿಸಿದರೆ 5,916 ಪಿಸಿಯು ಬರುತ್ತದೆ. ವರ್ಷಕ್ಕೆ ಶೇ 5ರ ಬೆಳವಣಿಗೆ ಎಂದುಕೊಂಡರೆ ಹನ್ನೊಂದನೇ ವರ್ಷಕ್ಕೆ 10,000 ದಾಟುತ್ತದೆ, ಹದಿನೈದನೇ ವರ್ಷಕ್ಕೆ 12,300ರ ಹತ್ತಿರ. ಎಲ್ಲ ರಸ್ತೆಗಳಿಂದ ಸೇರಿ ಗಂಟೆಗೆ 10,000 ಪಿಸಿಯು ಮೀರಿದರೆ ಮೇಲ್ಸೇತುವೆ, ಇಂಟರ್‌ಚೇಂಜ್‌ಗಳನ್ನು ಪರಿಶೀಲಿಸಬಹುದು ಎಂದು ಐಆರ್‌ಸಿ ಹೇಳುತ್ತದೆ. ಅಂದರೆ ಬೆಳವಣಿಗೆ ದರವೊಂದನ್ನು ಒಪ್ಪಿಕೊಂಡ ಕ್ಷಣದಲ್ಲೇ ಸೇತುವೆಯ ಸಮರ್ಥನೆ ಅರ್ಧ ಮುಗಿದಂತೆ. ವರದಿ ಓದುವಾಗ ನಾವು ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಆ ಶೇಕಡಾವಾರು.

ಬೆಂಗಳೂರಿನ ಹೆಬ್ಬಾಳವನ್ನೇ ನೋಡಿ. ಅಲ್ಲಿನ ಮೇಲ್ಸೇತುವೆ ಸಂಚಾರಕ್ಕೆ ತೆರೆದದ್ದು 2003ರಲ್ಲಿ. ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದದ್ದು 2008ರ ಮೇ ತಿಂಗಳಲ್ಲಿ. ಬಳ್ಳಾರಿ ರಸ್ತೆಯ ಸಂಚಾರದ ಸ್ವರೂಪವೇ ಆಮೇಲೆ ಬೇರೆಯಾಯಿತು. ಉತ್ತರದ ಬಡಾವಣೆಗಳು, ಹೊರವರ್ತುಲ ರಸ್ತೆಯ ಟೆಕ್ ಪಾರ್ಕ್‌ಗಳು ಬೆಳೆದವು. ಈಗ ಅದೇ ಸೇತುವೆಗೆ ಹೊಸ ಲೂಪ್‌ಗಳನ್ನು ಸೇರಿಸಬೇಕಾಗಿ ಬಂದಿದೆ. ಒಂದು ಗಂಟನ್ನು ಬಿಡಿಸಿದರೆ ಕಾರುಗಳು ಬೇಗ ಹೋಗಿ ಮುಂದಿನ ಗಂಟಿನಲ್ಲಿ, ಮೇಖ್ರಿ ವೃತ್ತದ ಕಡೆ, ಸಾಲುಗಟ್ಟುತ್ತವೆ. ಒಂದೊಂದೇ ಜಂಕ್ಷನ್ ಹಿಡಿದು ಲೆಕ್ಕ ಹಾಕಿದರೆ ಈ ಸರಪಳಿ ಕಾಣುವುದಿಲ್ಲ.

ಆದರೆ ಪಿಸಿಯುವಿನ ಬಗ್ಗೆ ನನಗಿರುವ ದೊಡ್ಡ ತಕರಾರು ಬೇರೆಯದು. ಅದು ವಾಹನವನ್ನು ಅಳೆಯುತ್ತದೆ, ಒಳಗೆ ಕೂತ ಜನರನ್ನು ಎಣಿಸುವುದಿಲ್ಲ. ಮೇಲಿನ ಕಾಲ್ಪನಿಕ ವೃತ್ತದಲ್ಲಿ ಬೈಕಿಗೆ ಸರಾಸರಿ 1.3, ಕಾರಿಗೆ 1.5, ಆಟೊಗೆ 2, ಬಸ್ಸಿಗೆ 40 ಜನ ಎಂದಿಟ್ಟುಕೊಳ್ಳಿ. ಒಟ್ಟು 15,510 ಜನರಲ್ಲಿ 7,200 ಮಂದಿ, ಅಂದರೆ ಹೆಚ್ಚುಕಡಿಮೆ ಅರ್ಧ, ಬಸ್ಸಿನಲ್ಲೇ ಇದ್ದಾರೆ. ಪಿಸಿಯು ಪಟ್ಟಿಯಲ್ಲಿ ಬಸ್ಸಿನ ಪಾಲು ಶೇ 7ಕ್ಕಿಂತ ಕಡಿಮೆ. ಕಾರಿನಲ್ಲಿರುವವರ ಅರ್ಧದಷ್ಟು ಜನ ಬಸ್ಸಿಗೆ ಬಂದರೆ 810 ಕಾರು ಇಳಿಯುತ್ತವೆ, ಅವರಿಗಾಗಿ ಹೆಚ್ಚುವರಿ ಬೇಕಾಗುವುದು 31 ಬಸ್ಸು. ಒಟ್ಟು ಹೊರೆ ಸುಮಾರು 740 ಪಿಸಿಯು ತಗ್ಗುತ್ತದೆ, ಒಂದು ಕಂಬವನ್ನೂ ನೆಡದೆ. ರಸ್ತೆ ದಾಟಲು ಕಾದು ನಿಂತ ಮುದುಕರಿಗೆ, ಶಾಲೆಯ ಮಕ್ಕಳಿಗೆ ಈ ಪಟ್ಟಿಯಲ್ಲಿ ಅಂಕಿಯೇ ಇಲ್ಲ.

ವಾಹನಗಳಿಗಿಂತ ಜನರ ಸಾಗಾಟಕ್ಕೆ ಆದ್ಯತೆ ಇರಬೇಕೆಂದು 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ ಆಗಲೇ ಹೇಳಿತ್ತು. ನಮ್ಮಲ್ಲಿ ಪ್ರಯತ್ನಗಳೂ ನಡೆದಿವೆ. ಹುಬ್ಬಳ್ಳಿ-ಧಾರವಾಡ ನಡುವೆ ಬಿಆರ್‌ಟಿಎಸ್‌ಗೆ (ತ್ವರಿತ ಬಸ್ ಸಾರಿಗೆಗೆ) ಪ್ರತ್ಯೇಕ ಪಥ ಮಾಡಿದರು, ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ 2019ರ ಕೊನೆಗೆ ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದ ಕಡೆಗೆ ಬಸ್ ಪಥ ಹಾಕಿದರು. ಎರಡನೆಯದು ಉಳಿಯಲಿಲ್ಲ. ಮೆಟ್ರೊ ಕಾಮಗಾರಿಗೆ ಜಾಗ ಬೇಕಾದಾಗ ಹೋದದ್ದು ಬಸ್ಸಿನ ಪಥ.

ನಿಮ್ಮೂರಿನ ವೃತ್ತದ ಡಿಪಿಆರ್ ಕೈಗೆ ಸಿಕ್ಕರೆ ಮೂರು ಪುಟ ಹುಡುಕಿ: ಚಲನೆವಾರು ಎಣಿಕೆ, ಊಹಿಸಿಕೊಂಡ ಬೆಳವಣಿಗೆ ದರ, ಗಂಟೆಗೆ ದಾಟುವ ಜನರ ಸಂಖ್ಯೆ. ಮೂರನೆಯದು ಇಲ್ಲದಿದ್ದರೆ ಆಕ್ಷೇಪಣೆ ಸಲ್ಲಿಸುವ ಅವಧಿಯೊಳಗೆ ಅದನ್ನೇ ಮೊದಲು ಲಿಖಿತವಾಗಿ ಕೇಳಿ.