ಗುಲ್ಮ ದೊಡ್ಡದಾಗಿದೆ ಅಂದರೆ ತೆಗೆಸಲೇಬೇಕೇ?

ಪ್ರಶ್ನೆ: ಡಾಕ್ಟ್ರ, ನನ್ನ ಮಗಗ 22 ವರ್ಷ. ಹದಿನೈದು ದಿನ ಜ್ವರ ಬಂದು ಹೋದವು. ಆಮ್ಯಾಲ ಹೊಟ್ಟಿ ಸ್ಕ್ಯಾನಿಂಗ್ ಮಾಡಿಸಿದ್ವಿ. ರಿಪೋರ್ಟಿನ್ಯಾಗ ಸ್ಪ್ಲೀನ್ 14 ಸೆಂ.ಮೀ. ಐತಿ, ದೊಡ್ಡದಾಗೇತಿ ಅಂತ ಬರದಾರ. ಆಪರೇಷನ್ ಮಾಡಿ ತಗಸಬೇಕಾಗತೈತೇನ್ರಿ? ತಗದ್ರ ಮನಷ್ಯಾ ಮೊದಲಿನಂಗ ಇರ್ತಾನೇನ್ರಿ?
– ಶಿಗ್ಗಾವಿ ತಾಲ್ಲೂಕಿನ ಓದುಗರು

ತಾಯಿ, ನೀವು ಬರೆದಿರುವಷ್ಟನ್ನೇ ಹಿಡಿದು ಹೇಳುವುದಾದರೆ, ಬೇಡ. 14 ಎಂಬ ಅಂಕಿ ನೋಡಿ ಯಾರೂ ಆಪರೇಷನ್ ಮಾಡುವುದಿಲ್ಲ. ದೊಡ್ಡವರಲ್ಲಿ ಗುಲ್ಮದ, ಅಂದರೆ ಸ್ಪ್ಲೀನಿನ, ಉದ್ದ 11-12 ಸೆಂ.ಮೀ. ಇರುತ್ತದೆ; ಎತ್ತರದ ಆಳಾದರೆ 13 ಇದ್ದರೂ ಸಹಜವೇ ಇರಬಹುದು. ಕಾಲಿಗೆ ಮುಳ್ಳು ನೆಟ್ಟು ಕೀವಾದಾಗ ತೊಡೆಸಂದಿಯಲ್ಲಿ ಗಡ್ಡೆ ಏಳುತ್ತದಲ್ಲ, ಆಗ ತೆಗೆಯುವುದು ಮುಳ್ಳನ್ನು, ಗಡ್ಡೆಯನ್ನಲ್ಲ. ಗುಲ್ಮದ್ದೂ ಬಹುಮಟ್ಟಿಗೆ ಅದೇ ಲೆಕ್ಕ. ಮುಳ್ಳು ಎಲ್ಲಿದೆ ಎಂದು ಹುಡುಕಬೇಕು.

ಗುಲ್ಮ ಇರುವುದು ಎಡಗಡೆ, 9ರಿಂದ 11ನೆಯ ಪಕ್ಕೆಲುಬುಗಳ ಮರೆಯಲ್ಲಿ. ಮುಷ್ಟಿಯಷ್ಟು ಗಾತ್ರ, ತೂಕ 150 ಗ್ರಾಂ ಆಸುಪಾಸು. ಸುಮಾರು 120 ದಿನ ದುಡಿದು ಸವೆದ ಕೆಂಪು ರಕ್ತಕಣಗಳನ್ನು ಹೆಕ್ಕಿ ಒಡೆಯುತ್ತದೆ, ರಕ್ತಕ್ಕೆ ಸೇರಿದ ರೋಗಾಣುಗಳನ್ನು ಸೋಸಿ ಹಿಡಿಯುತ್ತದೆ, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳಲ್ಲಿ ಮೂರರಲ್ಲೊಂದು ಪಾಲನ್ನು ತನ್ನಲ್ಲೇ ಇಟ್ಟುಕೊಂಡಿರುತ್ತದೆ. ಹೆಸರಿನ ಒಂದು ಗೊಂದಲವನ್ನು ಇಲ್ಲೇ ಬಿಡಿಸಿಬಿಡುತ್ತೇನೆ. ಶಾಲೆಯ ಪಾಠದಲ್ಲಿ ಗುಲ್ಮ ಅಂದರೆ ಈ ಅಂಗ. ಆಯುರ್ವೇದದಲ್ಲಿ ಅಂಗಕ್ಕೆ ಪ್ಲೀಹ ಎನ್ನುತ್ತಾರೆ. ಅಲ್ಲಿ ಗುಲ್ಮವೆಂದರೆ ಹೊಟ್ಟೆಯೊಳಗೆ ಗಂಟು ಕಟ್ಟುವ ಕಾಯಿಲೆ. ಆದ್ದರಿಂದ 'ಗುಲ್ಮಕ್ಕೆ ಔಷಧಿ' ಎಂದು ಯಾರಾದರೂ ಬಾಟಲಿ ಕೊಟ್ಟರೆ, ಯಾವ ಗುಲ್ಮಕ್ಕೆ ಎಂದು ಕೇಳಿ.

ನಿಮ್ಮ ಮಗನ ವಿಷಯದಲ್ಲಿ ನನಗೆ ಮೊದಲು ಅನುಮಾನ ಬರುವುದು ಆ ಹದಿನೈದು ದಿನದ ಜ್ವರದ ಮೇಲೆ. ಮಲೇರಿಯಾ, ಟೈಫಾಯ್ಡ್, ಡೆಂಗಿ ಮತ್ತು ಇನ್ನೂ ಕೆಲವು ವೈರಸ್ ಜ್ವರಗಳಲ್ಲಿ ಗುಲ್ಮ ಊದುತ್ತದೆ, ಜ್ವರ ಬಿಟ್ಟ ಮೇಲೆ ಕೆಲವು ವಾರಗಳಲ್ಲಿ ಇಳಿಯುತ್ತದೆ. ಹಳಬರು ಇದನ್ನೇ ಜ್ವರಗಡ್ಡೆ ಎನ್ನುತ್ತಿದ್ದರು. 1953ರಲ್ಲಿ ದೇಶದಲ್ಲಿ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಗುವುದಕ್ಕೆ ಎಷ್ಟೋ ಮೊದಲಿನಿಂದ, ಒಂದು ಊರಲ್ಲಿ ಮಲೇರಿಯಾ ಎಷ್ಟಿದೆ ಎಂದು ತಿಳಿಯಲು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಹೊಟ್ಟೆ ಮುಟ್ಟಿ, ಎಷ್ಟು ಮಕ್ಕಳ ಗುಲ್ಮ ಕೈಗೆ ಸಿಗುತ್ತದೆ ಎಂದು ಎಣಿಸುತ್ತಿದ್ದರು. ಮೊಬೈಲಿನಲ್ಲಿ ಹುಡುಕಿದವರು ಗುಲ್ಮ ಊದಿಸುವ ಕಾಲಾ ಅಜಾರ್ ಎಂಬ ಜ್ವರದ ಹೆಸರು ಓದಿ ಗಾಬರಿಯಾಗಿ ಬರುತ್ತಾರೆ. ಅದು ಬಿಹಾರ, ಜಾರ್ಖಂಡ್ ಕಡೆಯ ಕಾಯಿಲೆ. ಆ ಕಡೆ ಹೋಗಿ ಇದ್ದು ಬಂದವರಾದರೆ ಮಾತ್ರ ನಾವು ಅದನ್ನು ಯೋಚಿಸುತ್ತೇವೆ.

ಎರಡನೆಯ ಮುಳ್ಳು ಲಿವರಿನಲ್ಲಿರುತ್ತದೆ. ಗುಲ್ಮದ ರಕ್ತ ಲಿವರಿನ ಮೂಲಕವೇ ಹೃದಯಕ್ಕೆ ಹೋಗಬೇಕು. ಕುಡಿತದಿಂದಲೋ ಕಾಮಾಲೆಯ ವೈರಸ್ಸಿನಿಂದಲೋ ಲಿವರ್ ಗಟ್ಟಿಯಾದರೆ, ಮುಂದಿನ ಕಾಲುವೆಯಲ್ಲಿ ಹೂಳು ತುಂಬಿದಾಗ ನೀರು ಹಿಂದಕ್ಕೆ ನಿಲ್ಲುವಂತೆ, ರಕ್ತ ಗುಲ್ಮದಲ್ಲಿ ನಿಲ್ಲುತ್ತದೆ. ಅದೇ ಒತ್ತಡಕ್ಕೆ ಅನ್ನನಾಳದ ರಕ್ತನಾಳಗಳೂ ಉಬ್ಬುತ್ತವೆ. ರಕ್ತವಾಂತಿ ಆದರೆ, ಮಲ ಡಾಂಬರಿನಂತೆ ಕಪ್ಪಾಗಿ ಹೋದರೆ ಬೆಳಗಾಗಲಿ ಎಂದು ಕಾಯಬೇಡಿ. ಕುಡಿತದ ವಾಸನೆಯೇ ಇಲ್ಲದ ಮಕ್ಕಳಲ್ಲೂ ಲಿವರಿಗೆ ಹೋಗುವ ದೊಡ್ಡ ರಕ್ತನಾಳ ಕಟ್ಟಿಕೊಂಡು ಹೀಗಾಗುವುದುಂಟು.

ಮೂರನೆಯದು ರಕ್ತದ ಕಾಯಿಲೆ: ಥಲಸೀಮಿಯಾ, ಹುಟ್ಟಿನಿಂದಲೇ ಕೆಂಪುಕಣ ಬೇಗ ಒಡೆಯುವ ತೊಂದರೆಗಳು, ರಕ್ತದ ಕ್ಯಾನ್ಸರ್. ಹೊಕ್ಕುಳ ದಾಟುವಷ್ಟು ಬೆಳೆದ ಗುಲ್ಮ ಕಂಡಾಗ ದೀರ್ಘಕಾಲದ ಮೈಲಾಯ್ಡ್ ಲ್ಯುಕೀಮಿಯಾ ಎಂಬ ರಕ್ತದ ಕ್ಯಾನ್ಸರ್ ಇದೆಯೇ ಎಂದು ನೋಡಲೇಬೇಕು. ಕ್ಯಾನ್ಸರ್ ಎಂಬ ಮಾತಿಗೇ ಕುಸಿದು ಕೂರುವವರಿಗೆ ಹೇಳುತ್ತೇನೆ: ಈ ಒಂದು ಕ್ಯಾನ್ಸರಿಗೆ 2001ರಿಂದ ಇಮ್ಯಾಟಿನಿಬ್ ಎಂಬ ಮಾತ್ರೆ ಬಳಕೆಯಲ್ಲಿದೆ. ಅದನ್ನು ತಪ್ಪದೆ ನುಂಗುತ್ತ ಹೊಲಮನೆ ಕೆಲಸ ಮಾಡಿಕೊಂಡು ವರ್ಷಗಟ್ಟಲೆ ಚೆನ್ನಾಗಿರುವವರಿದ್ದಾರೆ. ಅವರ ಗುಲ್ಮವೂ ಮಾತ್ರೆಗೇ ಇಳಿಯುತ್ತದೆ.

ಪರೀಕ್ಷೆ ಶುರುವಾಗುವುದು ಕೈಯಿಂದ. ರೋಗಿಯನ್ನು ಮಲಗಿಸಿ, ಬಲಗಡೆಯ ಕೆಳಹೊಟ್ಟೆಯ ಮೇಲೆ ಕೈಯಿಟ್ಟು, "ಉಸಿರು ಒಳಗ ಎಳಕೋರಿ" ಎನ್ನುತ್ತ ಒಂದೊಂದೇ ಬೆರಳಷ್ಟು ಎಡ ಪಕ್ಕೆಯ ಕಡೆಗೆ ಸರಿಯುತ್ತೇವೆ. ನೋವು ಎಡಕ್ಕಿದ್ದರೆ ಬಲಕ್ಕೆ ಯಾಕೆ ಮುಟ್ಟುತ್ತಾರೆ ಎಂದು ಜನ ಕೇಳುತ್ತಾರೆ. ಗುಲ್ಮ ಬೆಳೆಯುವುದು ಹೊಕ್ಕುಳದ ಕಡೆಗೆ, ಓರೆಯಾಗಿ. ಮೇಲಿನಿಂದ ಹಿಡಿದರೆ ತೀರಾ ದೊಡ್ಡದರ ಅಂಚು ಕೈತಪ್ಪುತ್ತದೆ. ಉಸಿರೆಳೆದಾಗ ಅದು ಕೆಳಗಿಳಿದು ಬೆರಳ ತುದಿಗೆ ಮೆಲ್ಲಗೆ ತಾಗುತ್ತದೆ. ಎರಡು ಮೂರು ಪಟ್ಟು ಬೆಳೆದ ಮೇಲೇ ಹೀಗೆ ಕೈಗೆ ಸಿಗುವುದು. ಆಮೇಲೆ ರಕ್ತಕಣಗಳ ಎಣಿಕೆ, ಗಾಜಿನ ಮೇಲೆ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವುದು, ಲಿವರ್ ಪರೀಕ್ಷೆ, ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನಿಂಗ್. ಇಷ್ಟರಲ್ಲೇ ಬಹಳಷ್ಟು ಗೊತ್ತಾಗುತ್ತದೆ. ಎಂಡೋಸ್ಕೋಪಿ, ಮೂಳೆಮಜ್ಜೆ ಪರೀಕ್ಷೆ ಬೇಕಾಗುವುದು ಕೆಲವರಿಗಷ್ಟೇ. ದಯವಿಟ್ಟು ಹೊಟ್ಟೆಯ ಮೇಲೆ ಚುಟಗಿ ಹಾಕಿಸಬೇಡಿ. ಆ ಸುಟ್ಟ ಗಾಯ ಕೀವಾಗುತ್ತದೆಯೇ ಹೊರತು ಗುಲ್ಮ ಒಂದೆಳೆಯೂ ಇಳಿಯುವುದಿಲ್ಲ.

ಹಾಗಾದರೆ ಗುಲ್ಮವನ್ನು ತೆಗೆಯುವುದು ಯಾವಾಗ? ಪೆಟ್ಟು ಬಿದ್ದು ಒಡೆದು ರಕ್ತ ನಿಲ್ಲದಿದ್ದಾಗ. ಕೆಂಪುಕಣ ಒಡೆಯುವ ಕೆಲವು ಕಾಯಿಲೆಗಳಲ್ಲಿ, ಅದೂ ಸಾಧ್ಯವಾದಷ್ಟು ಮಗುವಿಗೆ 6 ವರ್ಷ ತುಂಬಿದ ಮೇಲೆ. ಪ್ಲೇಟ್‌ಲೆಟ್ ನಾಶವಾಗುವ ಕಾಯಿಲೆ ಔಷಧಿಗೆ ಬಗ್ಗದಿದ್ದಾಗ. ಒಡೆದದ್ದನ್ನು ಕೂಡ, ರಕ್ತದೊತ್ತಡ ಕುಸಿಯದೆ ಸ್ಥಿರವಾಗಿದ್ದರೆ, ಆಸ್ಪತ್ರೆಯಲ್ಲಿ ಮಲಗಿಸಿ ಕಾಯ್ದು ಉಳಿಸಿಕೊಳ್ಳುವುದೇ ಈಗಿನ ಪದ್ಧತಿ. ದೀಪಾವಳಿ ಮುಗಿದು ಹಾವೇರಿ ಕಡೆ ಹೋರಿ ಬೆದರಿಸುವ ದಿನಗಳಲ್ಲಿ ಎಡ ಪಕ್ಕೆಗೆ ಗುದ್ದಿಸಿಕೊಂಡ ಹುಡುಗರು "ಏನೂ ಆಗಿಲ್ಲ" ಎಂದು ಮನೆಗೆ ಹೋಗುತ್ತಾರೆ. ಪೆಟ್ಟು ಬಿದ್ದದ್ದು ಪಕ್ಕೆಗೆ, ನೋವು ಎಡ ಭುಜಕ್ಕೆ ಬಂದರೆ ಒಳಗೆ ರಕ್ತ ಸೋರುತ್ತಿರಬಹುದು. ತಲೆ ಸುತ್ತಿ ಬೆವರಿದರೆ ತಡಮಾಡಲೇಬಾರದು.

ತೆಗೆದ ಮೇಲೆ ಮನುಷ್ಯ ಬದುಕುತ್ತಾನೆ, ದುಡಿಯುತ್ತಾನೆ. ಆದರೆ ಒಂದು ಕಾವಲು ಹೋಗಿರುತ್ತದೆ. ವರ್ಷಗಳ ಹಿಂದೆ ನನ್ನ ಮುಂದೆ ಒಬ್ಬ ರೈತನನ್ನು ತಂದಿದ್ದರು. ಎತ್ತು ಹಾಯ್ದು ಬೇರೆಲ್ಲೋ ಗುಲ್ಮ ತೆಗೆಸಿಕೊಂಡವನು. ಮುಂಜಾನೆ ಚಳಿಜ್ವರ ಬಂದಿತ್ತು, ಪ್ಯಾರಾಸಿಟಮಾಲ್ ನುಂಗಿ ಮಲಗಿದ್ದ. ಸಂಜೆ ಹೊತ್ತಿಗೆ ಬಿಪಿ ಸಿಗುತ್ತಿರಲಿಲ್ಲ. ನಮ್ಮ ಕೈಲಿ ಉಳಿಸಲಾಗಲಿಲ್ಲ. "ಜ್ವರ ಬಂದ್ರ ಓಡಿ ಬರ್ರಿ ಅಂತ ನಮಗ ಯಾರೂ ಹೇಳಿದ್ದಿಲ್ರಿ" ಎಂದು ಆತನ ಹೆಂಡತಿ ಅಂದದ್ದು ನನಗೆ ಇಂದಿಗೂ ಕೇಳಿಸುತ್ತದೆ. ಅಂದಿನಿಂದ ಗುಲ್ಮವಿಲ್ಲದ ಪ್ರತಿಯೊಬ್ಬರಿಗೂ ಚೀಟಿ ಬರೆದು ಜೇಬಿಗೆ ಇಡಿಸುತ್ತೇನೆ: 'ಗುಲ್ಮ ತೆಗೆದಿದೆ. ಜ್ವರ ಬಂದರೆ ಗಂಟೆಗಳೊಳಗೆ ಆಂಟಿಬಯಾಟಿಕ್ ಬೇಕು.' ನ್ಯೂಮೊಕಾಕಸ್, ಮೆನಿಂಗೊಕಾಕಸ್, ಹಿಬ್ ಎಂಬ ರೋಗಾಣುಗಳ ವಿರುದ್ಧದ ಲಸಿಕೆಗಳನ್ನು ಆಪರೇಷನ್ನಿಗೆ ಕನಿಷ್ಠ 14 ದಿನ ಮೊದಲೇ ಹಾಕಿಸಬೇಕು. ತುರ್ತಾಗಿ ತೆಗೆದಿದ್ದರೆ 14 ದಿನದ ನಂತರ. ನಾಯಿ ಕಚ್ಚಿದರೆ ರೇಬೀಸ್ ಚುಚ್ಚುಮದ್ದಿನ ಜೊತೆಗೆ ಗುಲ್ಮವಿಲ್ಲದ್ದನ್ನೂ ಹೇಳಬೇಕು. ಸೋಂಕಿನ ಈ ಅಪಾಯ ಮೊದಲ ಎರಡು ಮೂರು ವರ್ಷ ಹೆಚ್ಚು, ಆದರೆ ಜೀವಮಾನವಿಡೀ ಇರುತ್ತದೆ.

ನಿಮ್ಮ ಮಗನಿಗೆ ಈಗ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ, ಆರೆಂಟು ವಾರ ಬಿಟ್ಟು ಸ್ಕ್ಯಾನಿಂಗ್ ಮತ್ತೆ ಮಾಡಿಸಿ. ಅಷ್ಟರವರೆಗೆ ಕಬಡ್ಡಿ, ಕುಸ್ತಿ, ಹೋರಿ ಯಾವುದೂ ಬೇಡ; ಊದಿದ ಗುಲ್ಮ ಸಣ್ಣ ಪೆಟ್ಟಿಗೂ ಒಡೆಯಬಹುದು. ತೂಕ ಇಳಿದರೆ, ರಾತ್ರಿ ಮೈ ಬೆವರಿದರೆ, ಸ್ವಲ್ಪ ಉಂಡರೂ ಹೊಟ್ಟೆ ತುಂಬಿದಂತಾದರೆ ಆ ವಾರಗಳನ್ನೂ ಕಾಯದೆ ಬನ್ನಿ. ಬರುವಾಗ ಜ್ವರದಲ್ಲಿ ಮಾಡಿಸಿದ ರಕ್ತದ ಚೀಟಿಗಳನ್ನೆಲ್ಲ, ಹಳೆಯವೆಂದು ಬಿಸಾಡದೆ, ಒಂದು ಚೀಲದಲ್ಲಿ ಹಾಕಿಕೊಂಡು ತನ್ನಿ.